ಸರ್ಕಾರ ಬಿದ್ದ ಮಧ್ಯಾಹ್ನ

ನಮ್ಮತ್ತೆ ಕೋಟು ತಯಾರಿಸುವ ಕಾರ್ಖಾನೆಯಲ್ಲಿ ಲೈನಿಂಗ್ ಹೊಲಿಯುತ್ತಾರೆ. ನಾವು ಈ ದೇಶಕ್ಕೆ ವಲಸೆ ಬಂದು ಎಷ್ಟೋ ವರ್ಷವಾದ ಮೇಲೆ, ಪೌರತ್ವದ ಪರೀಕ್ಷೆಗೆ ಕೂತೇ ತೀರುತ್ತೇನೆಂದು ಹಟ ಹಿಡಿದರು. ಸಂಜೆ ಅವರು ತರಕಾರಿ ಹೆಚ್ಚುತ್ತಿದ್ದರೆ ನಾನು ಪಾಠ ಓದಿ ಹೇಳುತ್ತಿದ್ದೆ.

"ಈ ದೇಶದ ಮುಖ್ಯ ರಫ್ತು ಉಣ್ಣೆ ಬಟ್ಟೆ, ಅತ್ತೆ."

"ಅದನ್ನ ನನಗೆ ಹೇಳ್ತೀಯಾ? ಮೂಗಿನ ತುಂಬ ಅದೇ ಧೂಳು."

"ಇಲ್ಲಿ ಸರ್ಕಾರಕ್ಕೆ ಅಂತ ಯಾವ ಧರ್ಮಾನೂ ಇಲ್ಲ."

"ಅಂದ್ರೆ ದೇವರಿಗೆ ಇಲ್ಲಿ ಸರ್ಕಾರಿ ನೌಕರಿ ಸಿಗಲಿಲ್ಲ ಅನ್ನು!"

ಬಹುಮತ ಕಳೆದುಕೊಂಡ ಪ್ರಧಾನಿ ಕುರ್ಚಿ ಬಿಡಬೇಕು ಎಂದು ಓದಿದಾಗ ಮಾತ್ರ ಅತ್ತೆ ನಗಲಿಲ್ಲ. "ಹಾಗೆಲ್ಲ ಸುಮ್ಮನೆ ಯಾರು ಬಿಡ್ತಾರೆ? ಪುಸ್ತಕದವರಿಗೇನು, ಬರೀತಾರೆ" ಅಂದರು. ನಮ್ಮ ಹಳೆಯ ದೇಶದಲ್ಲಿ ಸರ್ಕಾರ ಬಿದ್ದ ದಿನ ಬೀದಿಗೆ ಸೈನಿಕರು ಇಳಿದಿದ್ದರು. ಹಾಲು ತರಲು ಹೋದ ಮಾವ ಮರಳಿ ಬರಲಿಲ್ಲ. ನಾನು ಪುಟ ತಿರುವಿದೆ.

ಒಂದು ದಿನ ಅತ್ತೆ ಹೋಗುತ್ತಿದ್ದ ಪೌರತ್ವದ ತರಗತಿಯ ಟೀಚರ್ ನಮ್ಮನ್ನೆಲ್ಲ ಸಂಸತ್ತು ನೋಡಲು ಕರೆದುಕೊಂಡು ಹೋದರು. ಅದೇ ದಿನ ವಿಶ್ವಾಸಮತ ಇತ್ತು. ಮೇಲಿನ ಗ್ಯಾಲರಿಯಲ್ಲಿ ಅತ್ತೆ ನನ್ನ ಪಕ್ಕ ಕೂತಿದ್ದರು. ಕೆಳಗೆ ಕೈ ಎತ್ತಿದ ಸದಸ್ಯರನ್ನು ಸಿಬ್ಬಂದಿ ಎಣಿಸಿದರು. ಸಭಾಧ್ಯಕ್ಷೆ ಎದ್ದು, ಸರ್ಕಾರ ಸೋತಿದೆ ಎಂದರು.

ಅತ್ತೆ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದರು. "ಬಾಗಿಲು ಯಾವ ಕಡೆ? ಏಳು, ಬೇಗ ಏಳು!"

"ಅತ್ತೆ, ಕೆಳಗೆ ನೋಡಿ."

ಪ್ರಧಾನಿ ಮೇಜಿನ ಮೇಲಿದ್ದ ಕನ್ನಡಕ ಜೇಬಿಗೆ ಹಾಕಿಕೊಂಡರು. ಎದುರು ಸಾಲಿಗೆ ನಡೆದು ತಮ್ಮನ್ನು ಸೋಲಿಸಿದವರ ಕೈ ಕುಲುಕಿದರು. ಆಮೇಲೆ ಬಾಗಿಲಲ್ಲಿ ಯಾರಿಗೋ ದಾರಿ ಬಿಟ್ಟು ಹೊರಗೆ ಹೋದರು. ಅಷ್ಟೇ. ಯಾರೂ ಕೂಗಲಿಲ್ಲ. ಕಾವಲುಗಾರನೊಬ್ಬ ಆಕಳಿಸಿದ.

"ಇಷ್ಟೇನಾ?" ಅತ್ತೆಯ ದನಿ ಪಿಸುಮಾತಿಗಿಂತ ಮೇಲೇಳಲಿಲ್ಲ. "ಇಷ್ಟು ಸುಲಭನಾ ಇದು? ನಿನ್ನ ಮಾವ ಇದನ್ನ ನೋಡ್ಬೇಕಿತ್ತು." ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳುವ ಜ್ಞಾನವೂ ಇರಲಿಲ್ಲ.

ಹೊರಗೆ ಬಂದಾಗ ಅದೇ ಪ್ರಧಾನಿ ಒಂದು ಚೀಲ ಹಿಡಿದು ರಸ್ತೆ ದಾಟಲು ನಿಂತಿದ್ದರು. ಒಂದು ಗಾಡಿಯೂ ಬರುತ್ತಿರಲಿಲ್ಲ. ಆದರೂ ದೀಪ ಹಸಿರಾಗುವವರೆಗೆ ನಮ್ಮ ಜೊತೆ ಕಾದರು. ಅತ್ತೆ ಬಾಯಿ ತೆರೆದು ನೋಡುತ್ತಲೇ ಇದ್ದರು. ಅವರು ಅತ್ತೆಗೆ ತಲೆಬಾಗಿ ನಕ್ಕರು.

ಬಸ್ಸು ಹತ್ತಿದ ಮೇಲೆ ಅತ್ತೆಗೆ ಮಾತು ಬಂತು. "ಸರ್ಕಾರ ಬಿತ್ತು ಗೊತ್ತಾ?" ಎಂದು ಕಂಡಕ್ಟರನಿಗೆ ಹೇಳಿದರು.

"ಹೌದಾ ಅಮ್ಮಾ? ಸ್ವಲ್ಪ ಒಳಗೆ ಸರೀರಿ, ಹಿಂದೆ ಜನ ಇದಾರೆ."

ಅತ್ತೆ ಸರಿದು ನಿಂತರು. ಮುಂದಿನ ತಿಂಗಳು ಪರೀಕ್ಷೆಯಲ್ಲೂ ಪಾಸಾದರು. ಆದರೆ ಆ ಮಧ್ಯಾಹ್ನ ಮನೆ ತಲುಪುವವರೆಗೂ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ಹೂವಿನಂಗಡಿ ತೆರೆದಿತ್ತು, ಶಾಲೆ ಬಿಟ್ಟಿತ್ತು, ಹೆಂಗಸೊಬ್ಬಳು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು.