ತುಂಬುಮನೆಯ ಅರಸ ಕದ ತೆರೆದ ದಿನ

ಕ್ಸೆನಾನ್ ಎಂಬ ಆ ಅನಿಲಕ್ಕೆ ಯಾರ ಹಂಗೂ ಇಲ್ಲ. ಅದರ ಪರಮಾಣುವಿನ ನಡುವೆ ನ್ಯೂಕ್ಲಿಯಸ್, ಅದರ ಸುತ್ತ ಐದು ಸುತ್ತು ಎಲೆಕ್ಟ್ರಾನುಗಳು. ತೀರಾ ಹೊರಗಿನ ಸುತ್ತಿನಲ್ಲಿ ಎಂಟಕ್ಕೆ ಎಂಟೂ ಭರ್ತಿ. ಕೊಡಲು ಮನಸ್ಸಿಲ್ಲ, ಪಡೆಯಲು ಜಾಗವಿಲ್ಲ. ಅಂಥದ್ದನ್ನು ಫ್ಲೋರಿನ್ ಜತೆ ಕೂಡಿಸಿಯೇ ತೀರುತ್ತೇನೆಂದು ಮೊಮ್ಮಗಳು ಹಟ ಹಿಡಿದಿದ್ದಳು. ಅಜ್ಜಿಯ ಹಳೆಯ ಕತೆಯೊಂದರಲ್ಲಿ, ಮನೆ ತುಂಬಿದೆಯೆಂದು ಯಾರಿಗೂ ಕದ ತೆರೆಯದ ಅರಸನೊಬ್ಬನಿದ್ದ. ಇಬ್ಬರ ನಡುವೆ ಆ ಅನಿಲಕ್ಕೆ ಅವನದೇ ಹೆಸರು.

"ಅರಸ ಇವತ್ತಾದ್ರೂ ಬಾಗಿಲು ತೆಗೀತಾನೇನೇ?" ತಲೆ ಬಾಚುತ್ತ ಅಜ್ಜಿ ಕೇಳಿದಳು.

"ತೆಗೀದಿದ್ರೆ ನನ್ನ ಕತೆ ಮುಗೀತು. ನಾಳೆಯಿಂದ ಸಿಮೆಂಟ್ ಪರೀಕ್ಷೆ ಮಾಡು ಅಂದಿದಾರೆ ನಮ್ಮ ಲ್ಯಾಬ್ ಮೇಡಂ."

"ಅಯ್ಯೋ, ಸಿಮೆಂಟಾ!"

"ಕುಲುಮೆ ಬೇರೆ ಸುಟ್ಟುಹೋಯ್ತಲ್ಲ ಅಜ್ಜಿ. ಫ್ಲೋರಿನ್ ಜೋಡಿಜೋಡಿಯಾಗೇ ಇರುತ್ತೆ, ಒಂದರ ಕೈ ಇನ್ನೊಂದು ಬಿಡಲ್ಲ. ಚೆನ್ನಾಗಿ ಕಾಯಿಸಿದ್ರೆ ಬೇರೆಯಾಗ್ತವೆ. ಒಂಟಿಯಾದದ್ದೇ ಅರಸನ ಜಗಲಿಗೆ, ಅಂದ್ರೆ ಹೊರಸುತ್ತಿಗೆ, ಕೈ ಹಾಕೋದು."

"ಅರಸ ಸುಮ್ನಿರ್ತಾನಾ?"

"ಸಣ್ಣ ಮನೆ ಅರಸರು ಬಿಡಲ್ಲ. ನಿಯಾನ್‌ದು ಎರಡೇ ಸುತ್ತಿನ ಮನೆ. ಕೂತಲ್ಲಿಂದಲೇ ಎಲ್ಲರ ಜುಟ್ಟು ಹಿಡಿದಿರ್ತಾನೆ. ಇವನ ಜಗಲಿ ದೂರ, ಹಿಡಿತ ಸಡಿಲ. ಅಲ್ಲೇ ನನ್ನಾಸೆ."

"ಅಲುಗಾಡಬೇಡ್ವೇ, ಜಡೆ ಸೊಟ್ಟಗಾಗುತ್ತೆ!"

ಲ್ಯಾಬಿನಲ್ಲಿ, ದಪ್ಪ ಪ್ಲಾಸ್ಟಿಕ್ ತಡೆಯ ಹಿಂದೆ ಕ್ಸೆನಾನ್, ಫ್ಲೋರಿನ್ ಎರಡನ್ನೂ ತುಂಬಿದ ಗಾಜಿನ ಬುರುಡೆ ಕಪ್ಪು ಬಟ್ಟೆ ಹೊದ್ದು ಕೂತಿತ್ತು. ಬೆಳಕು ಬಿದ್ದು ಏನಾದರೂ ಆದೀತೆಂದು ಮೇಡಂ ಹಾಕಿಸಿದ ಮುಸುಕು ಅದು. ಹುಡುಗಿ ಅದನ್ನೇ ನೋಡುತ್ತ ನಿಂತಳು. ನೋಡುನೋಡುತ್ತಲೇ ಹೊಳೆಯಿತು. ಏನಾದರೂ ಆಗಲಿ ಎಂದಲ್ಲವೇ ತಾವು ಇಷ್ಟು ದಿನ ಬಾಯಿ ಬಿಟ್ಟುಕೊಂಡು ಕಾದದ್ದು!

ಒಂದೇ ಉಸಿರಿಗೆ ಮೇಡಂ ಕೋಣೆಗೆ ಓಡಿ, ಬುರುಡೆಯನ್ನು ಕಿಟಕಿಯ ಬಿಸಿಲಿಗೆ ಇಡೋಣವೆಂದಳು.

"ಕುಲುಮೆ ಮಾಡೋ ಕೆಲಸ ಕಿಟಕಿ ಮಾಡುತ್ತೇನಮ್ಮಾ?" ಮೇಡಂ ಕನ್ನಡಕದ ಮೇಲಿಂದ ನೋಡಿದರು.

"ಬಿಸಿಲೂ ಜೋಡಿ ಬಿಡಿಸುತ್ತೆ ಮೇಡಂ! ನಾವೇ ಮುಸುಕು ಹಾಕಿ ಕೂರಿಸಿದೀವಿ!"

ಮೇಡಂ ಕನ್ನಡಕ ತೆಗೆದಿಟ್ಟರು. "ತಡೆ ಮಾತ್ರ ಸರಿಸಕೂಡದು. ಸಂಜೆವರೆಗೆ ನೋಡು. ಆಮೇಲೆ ಸಿಮೆಂಟು, ಆಯ್ತಾ?"

ತಡೆಯ ಸಮೇತ ಬುರುಡೆ ಕಿಟಕಿಯ ಬಳಿಗೆ ಹೋಯಿತು, ಮುಸುಕು ಜಾರಿತು. ಸುಡುಬಿಸಿಲು. ಹುಡುಗಿಗೆ ಊಟವೂ ನೆನಪಾಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಗಾಜಿನ ಒಳಮೈಯಲ್ಲಿ ಬೆಳ್ಳಗೆ ಏನೋ ಮಿನುಗಿತು.

"ಮೇಡಂ! ಬನ್ನಿ, ಬೇಗ!"

ಮೇಡಂ ಬಗ್ಗಿ ನೋಡಿ ತಲೆಯಾಡಿಸಿದರು. "ಹಿಗ್ಗಬೇಡ. ಒಳಗೆ ತೇವ ಉಳಿದಿದ್ರೆ ಗಾಜು ಸವೆದು ಹೀಗೇ ಮಬ್ಬಾಗುತ್ತೆ."

ಹುಡುಗಿಯೂ ಬಗ್ಗಿ ನೋಡಿದಳು. ಇಷ್ಟು ಹೊತ್ತು ಕಾದದ್ದು ಬರೀ ಕಲೆಗಾ? ಆದರೆ ಸವೆದ ಗಾಜು ಇದ್ದಲ್ಲೇ ಇರಬೇಕು. ಎರಡೂ ಅನಿಲ ಕೂಡಿ ಆದ ಹರಳಾಗಿದ್ದರೆ ಕರಗದೆಯೇ ಆವಿಯಾಗಿ, ತಂಪು ಸಿಕ್ಕ ಕಡೆ ಹೋಗಿ ಕೂರಬೇಕು. ಫ್ರಿಜ್ಜಿನಿಂದ ಐಸ್ ತಂದು, ಉದ್ದ ಚಿಮುಟದಲ್ಲಿ ಹಿಡಿದು, ತಡೆಯ ಬದಿಯಿಂದ ಬುರುಡೆಯ ಇನ್ನೊಂದು ಮಗ್ಗುಲಿಗೆ ತಾಗಿಸಿದಳು. ಐಸ್ ಕರಗಿ ತೊಟ್ಟಿಕ್ಕಿತು. ಇನ್ನೊಂದು ತುಂಡು ತಂದಳು. ಇಬ್ಬರೂ ಕಣ್ಣು ಮಿಟುಕಿಸಲಿಲ್ಲ.

ಮೊದಲಿನ ಬಿಳುಪು ಅಂಚಿನಿಂದ ತೆಳುವಾಗತೊಡಗಿತು. ಅದರ ಕೆಳಗಿನ ಗಾಜು ಫಳಫಳ, ಹೊಸದರಂತೆ! ಐಸ್ ತಾಗಿದ ಕಡೆ ಸೂಜಿಮೊನೆಯಷ್ಟು ಹರಳೊಂದು ಮೂಡಿತು, ಅದರ ಪಕ್ಕ ಇನ್ನೊಂದು, ಮತ್ತೊಂದು.

"ಏಯ್! ಎದ್ದು ಬರ್ತಿದೆ ಕಣೇ!" ಎಂದು ಕಿರುಚಿದವರು ಮೇಡಂ.

ಹುಡುಗಿ ಕುಣಿಯುತ್ತಲೇ ಫೋನ್ ಒತ್ತಿದಳು. "ಅಜ್ಜೀ, ಬಾಗಿಲು ತೆಗೆದ!"

"ಭಲೇ! ಎಷ್ಟು ಜನ ನೆಂಟರನ್ನ ಸೇರಿಸ್ಕೊಂಡ?"

"ಇಬ್ಬರಿರಬೇಕು, ಎಡಕ್ಕೊಬ್ಬ, ಬಲಕ್ಕೊಬ್ಬ. ನಾಳೆ ಪರೀಕ್ಷೆ ಮಾಡಿ ನೋಡ್ಬೇಕು."

"ನಾಳೆ ಸಿಮೆಂಟಲ್ವೇನೇ?"

ಹುಡುಗಿ ಮೆಲ್ಲಗೆ ಮೇಡಂ ಕಡೆ ತಿರುಗಿದಳು. ಅವರು ತಡೆಗೆ ಮೂಗು ಒತ್ತಿ ನಿಂತಿದ್ದರು.

"ಫೋನ್ ಆಮೇಲೆ ಮಾಡೇ! ಐಸ್ ತಾ, ಹರಳನ್ನ ಇನ್ನೊಂದು ಸಲ ಈ ಕಡೆಗೂ ಕರೆಸೋಣ!"