ಅಮರೇಶ್ವರರ ಖರೇ ತಾರೀಖು

ಹೊಸಬರ ಪರಿಚಯವಾದ ಕೂಡಲೇ ನಮ್ಮವರು ಊರು ಯಾವುದು, ಕೆಲಸ ಎಲ್ಲಿ, ಮನೆ ಬಾಡಿಗೆಯದೋ ಸ್ವಂತದ್ದೋ ಎಂದು ಕೇಳುವುದು ವಾಡಿಕೆ. ಅಮರೇಶ್ವರರು ಇವ್ಯಾವುದನ್ನೂ ಕೇಳುತ್ತಿರಲಿಲ್ಲ. ಕೈ ಕುಲುಕಲು ಚಾಚಿದವರ ಕೈಯನ್ನು ಬಿಡದೆ ಹಿಡಿದುಕೊಂಡು, ಮುಖಕ್ಕೆ ಮುಖ ಹತ್ತಿರ ತಂದು, ಗುಟ್ಟು ಕೇಳುವವರ ಹಾಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದರು: "ನೀವು ಹುಟ್ಟಿದ್ದು ಯಾವತ್ತ್ರಿ? ಸಾಲ್ಯಾಗ ಬರಸಿದ್ದಲ್ಲ, ಖರೇ ತಾರೀಖು." ಎಪ್ಪತ್ತನಾಲ್ಕರ ಯುಗಾದಿಗೆ ಈಸ್ಟ್ ಬ್ರನ್ಸ್‌ವಿಕ್‌ನ ಶಾಲೆಯೊಂದರ ನೆಲಮಾಳಿಗೆಯಲ್ಲಿ ನಾವು ಐವತ್ತು ಅರವತ್ತು ಜನ ಸೇರಿದ್ದಾಗ, ಆಗಷ್ಟೇ ಬೆಂಗಳೂರಿನಿಂದ ಬಂದಿದ್ದ ಮುಕುಂದ್ ಎಂಬ ಹುಡುಗ ಈ ಪ್ರಶ್ನೆಗೆ ನಕ್ಕು, "ಸರ್ಟಿಫಿಕೇಟ್‌ನಲ್ಲಿ ಜೂನ್ ಒಂದು ಸಾರ್. ನಿಜವಾಗಿ ಯಾವಾಗಲೋ ದೀಪಾವಳಿ ಹತ್ತಿರ ಅಂತೆ, ಅಮ್ಮ ಹೇಳ್ತಿರ್ತಾರೆ" ಎಂದ. ಅಮರೇಶ್ವರರು ಅವನ ಮಣಿಕಟ್ಟನ್ನು ಇನ್ನಷ್ಟು ಬಿಗಿ ಹಿಡಿದರು. "ನಗಬ್ಯಾಡ್ರಿ. ನಾಳೆನs ಹೋಗಿ ಬದಲ್ ಮಾಡಸ್ರಿ. ನಗೂದಲ್ಲ ಇದು." ಆ ಹುಡುಗ ಆಮೇಲೆ ನನ್ನನ್ನು ಮೂಲೆಗೆ ಕರೆದು, ಆ ಅಂಕಲ್‌ಗೆ ತಲೆ ಸರಿಯಿದೆಯೇ ಎಂದು ವಿಚಾರಿಸಿದ. ಸರಿಯಿದೆ ಎಂದೆ. ಸರಿಯಿದ್ದದ್ದೇ ಅವರ ಸಂಕಟವಾಗಿತ್ತು.

ಆರಡಿ ಎತ್ತರದ ಆಳು. ಲಿಂಗಸುಗೂರಿನ ಕಡೆಯವರು, ಹರೆಯದಲ್ಲಿ ಕಾಲುವೆ ಕೆಲಸದ ಓವರ್‌ಸಿಯರ್ ಆಗಿದ್ದಾಗ ನೆಲವನ್ನು ಹೆಜ್ಜೆಯಿಂದಲೇ ಅಳೆದು ಅಳೆದು ಅಭ್ಯಾಸವಾಗಿ, ಅಮೆರಿಕದ ಕಾಲುದಾರಿಯ ಮೇಲೂ ಒಂದೊಂದು ಹೆಜ್ಜೆಯನ್ನು ಸಮನಾಗಿ, ತುಟಿಯೊಳಗೇ ಎಣಿಸುತ್ತ ಇಡುತ್ತಿದ್ದರು. ಮೈಮೇಲೆ ಸದಾ ಒಂದು ಕಂದು ಬಣ್ಣದ ಓವರ್‌ಕೋಟು. ಜನವರಿಯ ಹಿಮದಲ್ಲಿ ಅದಕ್ಕೆ ಅರ್ಥವಿತ್ತು. ಜುಲೈ ತಿಂಗಳ ಸೆಕೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಅದರ ಎಡಗಿಸೆಯಲ್ಲಿ ಹಡ್ಸನ್ ನದಿಯ ಉಬ್ಬರ ಇಳಿತಗಳ ವೇಳಾಪಟ್ಟಿ, ಬಲಗಿಸೆಯಲ್ಲಿ ನಾಲ್ಕು ಮಡಿಕೆಯ ಒಂದು ಜಾತಕ, ಕೈಯಲ್ಲಿ ಈಜುಕೊಳದ ಎಲೆ ತೆಗೆಯುವ ಉದ್ದ ಹಿಡಿಯ ಬಲೆ. ಕೋಟು ಯಾಕೆ ಬಿಚ್ಚುವುದಿಲ್ಲ ಎಂದು ಕೇಳಿದವರಿಗೆಲ್ಲ "ಕಿಸೆ ಬೇಕಲ್ರಿ" ಎನ್ನುತ್ತಿದ್ದರು.

ನಾನು ಅವರನ್ನು ಕಂಡದ್ದು ಅರವತ್ತಾರರಲ್ಲಿ, ನದಿಯ ನ್ಯೂ ಜೆರ್ಸಿ ದಂಡೆಯ ಹಳೆಯ ಊರೊಂದರಲ್ಲಿ, ಒಂದೇ ಕಟ್ಟಡದ ಬಾಡಿಗೆದಾರರಾಗಿ. ಅವರು ದಿನಾ ಬೆಳಿಗ್ಗೆ ರೈಲಿನಲ್ಲಿ ಮಾರಿಸ್‌ಟೌನ್‌ಗೆ ಹೋಗಿ ಒಂದು ಕಂಪನಿಯಲ್ಲಿ ಚರಂಡಿಗಳ ನಕ್ಷೆ ಬರೆದು ಸಂಜೆಗೆ ಮರಳುತ್ತಿದ್ದರು. ನಾನು ಮೈಸೂರಿನ ಕಡೆಯವನು, ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತಿದ್ದೆ. ಅವರ ಹೆಂಡತಿ ಬಸಲಿಂಗಮ್ಮ ಮತ್ತು ಒಬ್ಬನೇ ಮಗ ಈಶಣ್ಣ ಆ ವರ್ಷವೇ ಗ್ರೀನ್ ಕಾರ್ಡ್ ಸಮೇತ ಬಂದಿಳಿದಿದ್ದರು. ಹುಡುಗನಿಗೆ ಹದಿನಾರು ತುಂಬುತ್ತಿತ್ತು. ಅವನು ಎಡಚ. ಊರಿನಲ್ಲಿ ಎಡಗೈಯಲ್ಲಿ ಅನ್ನ ಮುಟ್ಟಿದ್ದಕ್ಕೆ ತಂದೆಯಿಂದ ಎಷ್ಟೋ ಏಟು ತಿಂದವನು. ಇಲ್ಲಿನ ಶಾಲೆಯಲ್ಲಿ ಆ ಎಡಗೈಯೇ ಅವನಿಗೆ ಗೆಳೆಯರನ್ನು ತಂದುಕೊಟ್ಟಿತು.

ನಮ್ಮ ಬೀದಿಯ ಕೊನೆಗೆ, ಹಡಗುಗಳು ಬರುವುದು ನಿಂತುಹೋಗಿದ್ದ ಒಂದು ಕಟ್ಟೆಯ ಪಕ್ಕದಲ್ಲಿ, ಪಿಯರ್ ಫೀಲ್ಡ್ ಎಂಬ ಸಣ್ಣ ಬೇಸ್‌ಬಾಲ್ ಕ್ರೀಡಾಂಗಣವಿತ್ತು. ಮರದ ಹಲಗೆಯ ಆಸನಗಳು, ಬಣ್ಣ ಸುಲಿದ ಅಂಕಫಲಕ, ಬಲಬದಿಗೆ ಒಂದು ಎತ್ತರದ ಹಲಗೆಗೋಡೆ; ಗೋಡೆಯಾಚೆ ನಾಲ್ಕು ಮಾರು ಕಲ್ಲುಹಾದಿ, ಅದರಾಚೆ ನದಿ. ಎಡಗೈ ಆಟಗಾರ ಮೈತುಂಬ ಬೀಸಿ ಹೊಡೆದರೆ ಚೆಂಡು ಆ ಬಲಗೋಡೆಯ ಮೇಲಿಂದಲೇ ಹಾರಬೇಕು. ಅರವತ್ತೊಂಬತ್ತರ ಜೂನ್‌ನಲ್ಲಿ ಊರಿನ ಲೀಗ್ ಪಂದ್ಯವೊಂದರಲ್ಲಿ ಈಶಣ್ಣ ಹಾಗೆ ಹೊಡೆದ. ಚೆಂಡು ಗೋಡೆ ದಾಟಿ ನೀರಿಗೆ ಬಿದ್ದ ಸಪ್ಪಳ ನಮಗೂ ಕೇಳಿಸಿತು. ಜನ ಎದ್ದು ಕೂಗಿದರು. ನನ್ನ ಪಕ್ಕದಲ್ಲಿದ್ದ ಅಮರೇಶ್ವರರೂ ಎದ್ದರು, ಮುಖ ಬಿಳಿಚಿಕೊಂಡಿತ್ತು. ನಾನು ತಡೆಯುವುದರೊಳಗೆ ಮೆಟ್ಟಿಲಿಳಿದು, ತಂತಿಬೇಲಿಯ ಬಳಿ ನಿಂತು, ಅಂಪೈರನಿಗೆ ಕೈಮುಗಿದು ಇಂಗ್ಲಿಷಿನಲ್ಲಿ ಹೇಳಿದರು: ನನ್ನ ಮಗ ನಿಮ್ಮ ಚೆಂಡು ಕಳೆದಿದ್ದಾನೆ, ಕ್ಷಮಿಸಿ, ನಾಳೆ ಹೊಸದು ತಂದುಕೊಡುತ್ತೇನೆ. ಅಂಪೈರನಿಗೆ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಇದೇ ಆಟದ ಪರಮಪದ, ಇದಕ್ಕೆ ಹೋಮ್ ರನ್ ಎನ್ನುತ್ತಾರೆ ಎಂದು ನಾನು ತಿಳಿಸಿ ಹೇಳಿದ ಮೇಲೆ ಅವರು ಗೋಡೆಯ ಕಡೆ ಕೈ ತೋರಿಸಿದರು. "ಕಳದ್ರ ಗೆದ್ದಂಗ ಏನ್ರಿ ಇಲ್ಲಿ?" ಎಂದು ಕೇಳಿದರು.

ಮರುದಿನವೇ ಆ ಬಲೆ ಕೊಂಡರು. ಅಂದಿನಿಂದ ಅವರು ಮಗನ ಆಟವನ್ನು ಒಳಗೆ ಕೂತು ನೋಡಲೇ ಇಲ್ಲ. ಗೋಡೆಯಾಚೆ ಕಲ್ಲುಹಾದಿಯ ಮೇಲೆ ಬಲೆ ಹಿಡಿದು ನಿಂತು, ಬ್ಯಾಟಿಗೆ ಚೆಂಡು ತಗಲಿದ ಸದ್ದನ್ನು ಮಾತ್ರ ಕೇಳಿಸಿಕೊಂಡು, ತಲೆಯ ಮೇಲೆ ಹಾರಿ ಬರುವುದನ್ನು ಕಾಯುತ್ತಿದ್ದರು. ಆ ಬೇಸಿಗೆಯಲ್ಲಿ ಎರಡು ಚೆಂಡುಗಳು ಅವರಿಗೆ ಸಿಕ್ಕವು. ಒರೆಸಿ, ಒಣಗಿಸಿ, ಶಾಯಿಯಲ್ಲಿ ತಾರೀಖು ಬರೆದು, ಅಡುಗೆಮನೆಯಲ್ಲಿ ವಿಭೂತಿ ಇಡುವ ಹಲಗೆಯ ಮೇಲೆ ಸಾಲಾಗಿ ಇಟ್ಟರು. ಬಸಲಿಂಗಮ್ಮ ಮೊದಲು ಬೈದರು, ಆಮೇಲೆ ದಿನಾ ಅವುಗಳ ಧೂಳು ಒರೆಸತೊಡಗಿದರು. ಈಶಣ್ಣ ಕಾಲೇಜಿಗೆ ಸೇರುವುದನ್ನು ಒಂದು ವರ್ಷ ಮುಂದೂಡಿ ಆಡಿ ನೋಡುತ್ತೇನೆ ಎಂದಾಗ, ಓದಿನ ವಿಷಯದಲ್ಲಿ ಉಕ್ಕಿನಂತಿದ್ದ ಆ ಮನುಷ್ಯ ಹೂಂ ಎಂದುಬಿಟ್ಟರು. ಎಡಗೈಗೆ ಹೊಡೆದ ಏಟುಗಳನ್ನು ಹಾಗೆ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರೆಂದು ನನ್ನ ಊಹೆ.

ಆ ಡಿಸೆಂಬರ್ ಒಂದನೆಯ ತಾರೀಖು ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಕರೆಯಲು ಲಾಟರಿ ಎತ್ತಿದರು. ಗ್ರೀನ್ ಕಾರ್ಡ್ ಇದ್ದವರ ಗಂಡುಮಕ್ಕಳೂ ಹದಿನೆಂಟಕ್ಕೆ ಹೆಸರು ನೋಂದಾಯಿಸಬೇಕಿತ್ತು, ಈಶಣ್ಣನದೂ ಆಗಿತ್ತು. ವರ್ಷದ ಒಂದೊಂದು ದಿನವನ್ನೂ ಚೀಟಿಯಾಗಿ ಬರೆದು ಗಾಜಿನ ಪಾತ್ರೆಗೆ ಹಾಕಿದ್ದರು. ಯಾವ ಜನ್ಮದಿನ ಮೊದಲು ಕೈಗೆ ಬರುತ್ತದೋ ಆ ದಿನ ಹುಟ್ಟಿದವರು ಮೊದಲು ಹೋಗಬೇಕು. ಸಂಜೆ ನಾವು ನಾಲ್ವರೂ ಅವರ ಮನೆಯ ಟಿವಿಯ ಮುಂದೆ ಕೂತಿದ್ದೆವು. ಕಾಗದಗಳಲ್ಲಿ ಈಶಣ್ಣನದೆಂದಿದ್ದ ಜೂನ್ ಮೊದಲ ವಾರದ ತಾರೀಖು ಮೂವತ್ತರೊಳಗೇ ಬಂತು.

"ಅದು ಅವನ ತಾರೀಖs ಅಲ್ಲ," ಎಂದರು ಬಸಲಿಂಗಮ್ಮ.

ನಿಜ, ಅಲ್ಲ. ಈಶಣ್ಣ ಹುಟ್ಟಿದ್ದು ಶ್ರಾವಣದಲ್ಲಿ. ಐವತ್ತಾರರ ಜೂನ್‌ನಲ್ಲಿ ತಂದೆ ಅವನನ್ನು ಶಾಲೆಗೆ ಕರೆದೊಯ್ದಾಗ ಆರು ವರ್ಷಕ್ಕೆ ಎರಡು ತಿಂಗಳು ಕಡಿಮೆ. ಮುಂದಿನ ವರ್ಷ ಬನ್ನಿ ಎಂದರೆ ಒಂದು ವರ್ಷ ವ್ಯರ್ಥ. ಹೆಡ್ ಮಾಸ್ತರರು ಒಳ್ಳೆಯವರು. ಗೋಡೆಯ ಕ್ಯಾಲೆಂಡರ್ ನೋಡಿ, ಅಂದಿನ ತಾರೀಖಿಗೇ ಆರು ತುಂಬಿತೆಂದು ಬರೆದುಕೊಂಡರು. ಅಮರೇಶ್ವರರು ಕೆಳಗೆ ಸಹಿ ಹಾಕಿ, ಪೇಡೆ ಹಂಚಿ ಮನೆಗೆ ಬಂದರು. ನಮ್ಮ ನಾಡಿನಲ್ಲಿ ಇದನ್ನು ಸುಳ್ಳು ಎಂದು ಯಾರೂ ಕರೆಯುವುದಿಲ್ಲ. ಆ ಶಾಲೆಯ ದಾಖಲೆಯಿಂದ ಪಾಸ್‌ಪೋರ್ಟು, ಪಾಸ್‌ಪೋರ್ಟಿನಿಂದ ವೀಸಾ, ವೀಸಾದಿಂದ ಗ್ರೀನ್ ಕಾರ್ಡು ಹುಟ್ಟಿದವು. ಶ್ರಾವಣದ ಆ ಖರೇ ದಿನದ ಸಂಖ್ಯೆ ಲಾಟರಿಯಲ್ಲಿ ಮುನ್ನೂರನ್ನು ದಾಟಿತ್ತು. ಆ ಸಂಖ್ಯೆಯವರನ್ನು ಕೊನೆಯತನಕ ಯಾರೂ ಕರೆಯಲಿಲ್ಲ.

ಇಲ್ಲಿ ನನ್ನ ಪಾಲನ್ನೂ ಹೇಳಿಬಿಡಬೇಕು. ಹೇಳದೆ ಈ ಚಿತ್ರ ಬರೆದರೆ ಅದೂ ಇನ್ನೊಂದು ಸುಳ್ಳು ದಾಖಲೆಯಾದೀತು. ಬಸಲಿಂಗಮ್ಮ ಟ್ರಂಕಿನಿಂದ ಜಾತಕ ತೆಗೆದು ಗಂಡನ ಮುಂದಿಟ್ಟು, "ಹಡದಾಕಿ ನಾ. ಯಾವತ್ತ್ ಹಡದೀನಿ ಅಂತ ನನಗ ಗೊತ್ತಿಲ್ಲೇನು? ನಡೀರಿ, ನಾನs ಬಂದು ಹೇಳ್ತೀನಿ" ಎಂದಾಗ, ಅಮರೇಶ್ವರರು ನನ್ನ ಮುಖ ನೋಡಿದರು. ನಾನು ಕಲಿತವನು, ಮಾತು ಬಲ್ಲವನು. "ಸುಮ್ಮನಿದ್ದುಬಿಡಿ ಸಾರ್," ಎಂದೆ. "ಒಂದು ಕಾಗದ ಸುಳ್ಳು ಅಂತ ನೀವೇ ಒಪ್ಪಿಕೊಂಡರೆ ಎಲ್ಲಾ ಕಾಗದಾನೂ ಸುಳ್ಳು ಅಂತಾರೆ. ಮೂರೂ ಜನರನ್ನ ವಾಪಸ್ ಕಳಿಸಿಬಿಡ್ತಾರೆ." ಆದರೂ ಅವರು ನನ್ನನ್ನು ಕರೆದುಕೊಂಡು ಸೇನೆಗೆ ಕರೆ ಕಳಿಸುವ ಡ್ರಾಫ್ಟ್ ಬೋರ್ಡಿನ ಕಚೇರಿಗೆ ಹೋದರು. ಬಾಗಿಲ ಬಳಿಯ ಬೆಂಚಿನ ಮೇಲೆ, ಕೋಟಿನ ಬಲಗಿಸೆಯ ಮೇಲೆ ಅಂಗೈ ಒತ್ತಿಕೊಂಡು ಕೂತರು. ಗುಮಾಸ್ತೆ ಎರಡು ಸಲ ಏನು ಬೇಕೆಂದು ಕೇಳಿದಳು. ಮೂರನೆಯ ಸಲ ಕೇಳುವ ಮೊದಲು ಎದ್ದರು. ಹಿಂದಿರುಗುವಾಗ ಹೆಜ್ಜೆ ಎಣಿಸುವುದನ್ನು ಬಿಟ್ಟಿದ್ದರು. ಈಶಣ್ಣ ಕಾಲೇಜಿಗೆ ಅರ್ಜಿ ಬರೆಯುತ್ತಿರುವಾಗಲೇ ಕರೆ ಬಂತು.

ತರಬೇತಿ ಮುಗಿಸಿ, ಹೊರಡುವ ಮುಂಚೆ, ಎಪ್ಪತ್ತರ ಜುಲೈಯಲ್ಲಿ ಅವನು ಹತ್ತು ದಿನದ ರಜೆಗೆ ಬಂದ. ತಲೆ ನುಣ್ಣಗೆ ಬೋಳಿಸಿತ್ತು, ತೋಳುಗಳು ದಪ್ಪವಾಗಿದ್ದವು. ಹಳೆಯ ತಂಡದವರು ಒಂದು ಪಂದ್ಯಕ್ಕೆ ಕರೆದರು. ನಾನು ಒಳಗಿದ್ದೆ, ಅಮರೇಶ್ವರರು ಎಂದಿನಂತೆ ಗೋಡೆಯಾಚೆ. ಆಟ ಮುಗಿಯುತ್ತ ಬಂದಾಗ ಈಶಣ್ಣ ಹೊಡೆದ ಚೆಂಡು ಎಷ್ಟು ಎತ್ತರಕ್ಕೆ ಹೋಯಿತೆಂದರೆ ಅದು ಇಳಿಯುವುದನ್ನು ಕಾಯುತ್ತ ಇಡೀ ಮೈದಾನ ಕತ್ತೆತ್ತಿ ನಿಂತಿತು. ಆದರೆ ಆಚೆ ಅಮರೇಶ್ವರರು ತಪ್ಪು ಜಾಗದಲ್ಲಿ ನಿಂತಿದ್ದರು. ನಮ್ಮ ಕೃಷ್ಣೆ, ತುಂಗಭದ್ರೆಯರು ಒಂದೇ ದಿಕ್ಕಿಗೆ ಹರಿಯುವವರು. ಬಾಲ್ಯದಿಂದ ಕಂಡ ನೀರು ಹಾಗೆ. ಹಿಂದಿನ ವರ್ಷದ ಎರಡು ಚೆಂಡುಗಳೂ ತೆಂಕಲಿಗೇ ತೇಲಿ ಬಂದಿದ್ದರಿಂದ ಅವರು ಅಭ್ಯಾಸಬಲದಿಂದ ಮೂವತ್ತು ಹೆಜ್ಜೆ ಕೆಳಗೆ ನಿಂತು ಕಾದರು. ಅಂದು ಉಬ್ಬರ. ಆ ವೇಳಾಪಟ್ಟಿ ಇನ್ನೂ ಅವರ ಕಿಸೆ ಸೇರಿರಲಿಲ್ಲ. ಕಡಲು ನದಿಯನ್ನು ಹಿಂದಕ್ಕೆ ತಳ್ಳುತ್ತಿತ್ತು. ಚೆಂಡು ಅವರಿಗೆ ಬೆನ್ನು ಮಾಡಿ ಬಡಗಲಿಗೆ ಹೊರಟಿತು. ಆ ಭಾರದ ಕೋಟಿನಲ್ಲಿ ಓಡಿದರು. ಗೋದಾಮಿನ ಬೇಲಿ ಅಡ್ಡ ಬಂತು. ನಾನು ಹೋಗಿ ಮುಟ್ಟುವಾಗ ಈಶಣ್ಣ ಗೇಟಿನಿಂದ ಹೊರಬಂದು, ಏದುಸಿರು ಬಿಡುತ್ತಿದ್ದ ತಂದೆಯ ಹೆಗಲ ಮೇಲೆ ಎಡಗೈ ಹಾಕಿ ನಗುತ್ತಿದ್ದ. "ಇಟ್ಸ್ ಓಕೆ ಅಪ್ಪಾ. ಐ ವಿಲ್ ಹಿಟ್ ಯೂ ಅನದರ್."

ಎಪ್ಪತ್ತೊಂದರ ಫೆಬ್ರವರಿಯಲ್ಲಿ ಇಬ್ಬರು ಸಮವಸ್ತ್ರದವರು ಬಂದು ಬಾಗಿಲು ತಟ್ಟಿದರು.

ಹೂಳುವುದು ಅವರ ಮನೆಯ ಪದ್ಧತಿಯೇ. ಸೈನಿಕರ ಸ್ಮಶಾನದಲ್ಲಿ, ಒಂದೇ ಅಳತೆಯ ನೂರಾರು ಬಿಳಿಗಲ್ಲುಗಳ ನಡುವೆ, ಅವನಿಗೂ ಒಂದು ಕಲ್ಲು ನಿಂತಿತು. ಹೆಸರು, ದರ್ಜೆ, ಜೂನ್ ತಿಂಗಳ ಆ ತಾರೀಖು. ಬಸಲಿಂಗಮ್ಮ ಸೆರಗಿನಿಂದ ಆ ಅಕ್ಷರಗಳನ್ನು ಒರೆಸಲು ನೋಡಿದರು. ಧೂಳಿದ್ದರೆ ತಾನೆ ಹೋಗುವುದು? ಮರುವರ್ಷ ಅಮರೇಶ್ವರರು ಸ್ಮಶಾನದ ಕಚೇರಿಗೆ ಹೋದರು, ಜೊತೆಗೆ ಮತ್ತೆ ನಾನೇ. ಈ ಸಲ ಬೆಂಚಿನ ಮೇಲೆ ಕೂರಲಿಲ್ಲ. ಜಾತಕವನ್ನು ಮೇಜಿನ ಮೇಲೆ ಹರಡಿ, ಗ್ರಹಗಳ ಮನೆಗಳ ಮೇಲೆ ಬೆರಳಿಟ್ಟು, ನಾನು ಸುಳ್ಳು ಹೇಳಿದ್ದೆ, ನನ್ನನ್ನು ಏನು ಬೇಕಾದರೂ ಮಾಡಿ, ಕಲ್ಲಿನ ಮೇಲೆ ಮಾತ್ರ ಖರೇದ್ದನ್ನು ಬರೆಯಿರಿ ಎಂದು ಇಂಗ್ಲಿಷಿನಲ್ಲಿ ತಡವರಿಸುತ್ತ ಹೇಳಿದರು. ಎದುರಿಗಿದ್ದ ಮುದುಕ ಅಧಿಕಾರಿ ಸಭ್ಯಸ್ಥ. ಕಡತ ತೆರೆದು ಒಂದೊಂದೇ ಕಾಗದ ತಿರುಗಿಸಿ ತೋರಿಸಿದ. ಎಲ್ಲದರಲ್ಲೂ ಜೂನ್, ಮೊದಲನೆಯದರ ಕೆಳಗೆ ತಂದೆಯದೇ ಸಹಿ. ಶಿಕ್ಷೆಯ ಮಾತನ್ನು ಅವನು ಎತ್ತಲೇ ಇಲ್ಲ. ಐ ಆ್ಯಮ್ ಸಾರಿ ಸರ್, ಎಂದ. ಎರಡು ವರ್ಷ ನಾವು ಹೆದರಿದ್ದ ಸರ್ಕಾರ ಅಷ್ಟೇ ಹೇಳಿತು.

ಬೋರ್ಡಿನ ಬೆಂಚಿನಿಂದ ಎದ್ದ ದಿನದ ಬಗ್ಗೆ ಅವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎಪ್ಪತ್ತೇಳರಲ್ಲಿ ಪಿಯರ್ ಫೀಲ್ಡ್ ಮುಚ್ಚಿತು. ನಗರಸಭೆಯ ಬಳಿ ದುಡ್ಡಿಲ್ಲವಂತೆ. ಆಸನಗಳನ್ನು ಕಿತ್ತೊಯ್ದರು, ಬಲಗೋಡೆ ಅರ್ಧ ಬಿತ್ತು, ಮೈದಾನದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಆ ಶ್ರಾವಣದಲ್ಲಿ, ಮಗನ ಖರೇ ಹುಟ್ಟುಹಬ್ಬದ ಮಧ್ಯಾಹ್ನ, ಕಲ್ಲುಹಾದಿಯ ಮೇಲೆ ಅವರು ಕೋಟು ತೊಟ್ಟು, ಬಲೆ ಹಿಡಿದು, ಪಟ್ಟಿ ನೋಡಿ, ಉಬ್ಬರಕ್ಕೆ ಸರಿಯಾಗಿ ಬಡಗಣ ತುದಿಯಲ್ಲಿ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ಇನ್ನೇನು ಸಿಕ್ಕೀತು ಎಂದು ನಿಲ್ಲುತ್ತೀರಿ ಎಂದು ಕೇಳಿಬಿಟ್ಟೆ.

"ಏನೂ ಸಿಗೂದಿಲ್ರಿ," ಎಂದರು. "ತೊಗಲಿನ ಚೆಂಡು. ನೀರು ಕುಡದ ಮ್ಯಾಲೆ ಮುಳಗತೈತಿ. ನಾ ಇಂಜಿನಿಯರ್, ನನಗ ಗೊತ್ತೈತಿ." ಆಮೇಲೆ ನೀರಿನ ಕಡೆಯೇ ನೋಡುತ್ತ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯದೆ ಕೇಳುವವರ ಹಾಗೆ ಕೇಳಿದರು: "ವಾಪಸ್ ಕಳಿಸ್ತಾರ ಅಂದಿದ್ರಿ ನೀವು. ಕಳಿಸಿದ್ರ ಏನಾಗ್ತಿತ್ರಿ? ಮೂರೂ ಮಂದಿ ಲಿಂಗಸುಗೂರಿಗೆ ಹೋಗ್ತಿದ್ವಿ. ಅಷ್ಟs ಅಲ್ರಿ?"

ನಾನು ಕೈಗಡಿಯಾರ ನೋಡಿ, ಊಟದ ಹೊತ್ತಾಯಿತೆಂದು ಹೇಳಿ ಮನೆಗೆ ಹೊರಟೆ.

ಲೋಕದಲ್ಲಿ ಸುಳ್ಳಿನ ಮೇಲೇ ಬದುಕುವವರ ಜಾತಿ ಒಂದಿದೆ, ಅವರಿಗೆ ಯಾವ ನದಿಯ ಭಯವೂ ಇಲ್ಲ. ಅಮರೇಶ್ವರರಂಥವರು ಬೇರೆ ಜಾತಿ: ಜೀವಮಾನದಲ್ಲಿ ಒಂದೇ ಒಂದು ಸುಳ್ಳನ್ನು, ಅದೂ ಮಗನ ಒಂದು ವರ್ಷ ಉಳಿಯಲೆಂದು, ಪೇಡೆ ಹಂಚಿ ಹೇಳಿದವರು, ಅದನ್ನು ಹಿಂದಕ್ಕೆ ಪಡೆಯುವ ಒಂದು ಬಾಗಿಲು ತೆರೆದಿದ್ದಾಗ, ಕಾಗದಕ್ಕೆ ಹೆದರಿ, ಬಲ್ಲವರೆಂದು ನಂಬಿದವರ ಮಾತು ಕೇಳಿ, ಬೆಂಚಿನಿಂದ ಎದ್ದು ಬಂದವರು. ಇಂಥವರಿಗೆ ಕ್ಷಮೆ ಕೊಡಲು ಯಾವ ಕಚೇರಿಯೂ ಇಲ್ಲ, ಶಿಕ್ಷೆ ಕೊಡಲೂ ಇಲ್ಲ. ಅವರು ನೀರಿನ ಮುಂದೆ ನಿಂತೇ ಇರುತ್ತಾರೆ, ಈಗ ಸರಿಯಾದ ವೇಳೆಗೆ, ಸರಿಯಾದ ಜಾಗದಲ್ಲಿ. ಅವರನ್ನು ಎಬ್ಬಿಸಿ ಕರೆತಂದ ನಮ್ಮಂಥ ಬಲ್ಲವರು ಮನೆಗೆ ಬಂದು ಊಟ ಮಾಡುತ್ತೇವೆ. ನನ್ನ ಕಾಗದಗಳಲ್ಲಿ ಜೂನ್ ಒಂದು ಎಂದಿದೆ. ಖರೇ ತಾರೀಖು ಯಾವುದೆಂದು ಅಮರೇಶ್ವರರು ನನ್ನನ್ನು ಎಷ್ಟೋ ಸಲ ಕೇಳಿದ್ದರು. ಗೊತ್ತಿದ್ದೂ ನಾನು ಹೇಳಿರಲಿಲ್ಲ.