ಬಸುರಿ ಮೀನಿಗೆ ಬಲೆ

"ಮಡಿಲು ಕೊಡವೇ ಮುದುಕಿ."

ಮಾಗಿಯ ಹೊಳೆಯಿಂದ ಆಗಷ್ಟೆ ಮೇಲೆ ಬಂದಿದ್ದ ಅತ್ತೆ ಮಡಿಲು ಕೊಡವಿದಳು. ನೀರು ಸುರಿಯಿತು, ಮೀನು ಬೀಳಲಿಲ್ಲ. ಹೊಳೆಯನ್ನು ಹರಾಜಿನಲ್ಲಿ ಹಿಡಿದಿದ್ದ ಧಣಿ ನಂಬದೆ, ಕೋಲಿನ ತುದಿಯಿಂದ ಅವಳ ಸೊಂಟದ ಗಂಟನ್ನು ಎತ್ತಿ ನೋಡಿದ. ದಡದಲ್ಲಿದ್ದ ಕೇರಿಯವರೆಲ್ಲ ಬುಟ್ಟಿಗಳತ್ತ ಮುಖ ತಿರುಗಿಸಿದರು. ಸೊಸೆ ಮಾತ್ರ ನೋಡುತ್ತಲೇ ನಿಂತಳು.

"ಏನ್ ಗುರಾಯಿಸ್ತೀಯೆ? ಕದ್ದು ತಿನ್ಸೇ ನಿಮ್ಮತ್ತೆ ನಿನ್ ಗಂಡನ್ನ ಸಾಕಿದ್ದು."

ಸೊಸೆ ಬೆಳಗಿನ ಬುಟ್ಟಿಯಿಂದ ಬೆರಳುದ್ದದ ಮೀನೊಂದನ್ನು ಎತ್ತಿಕೊಂಡಳು. ಚಳಿ ಕಚ್ಚತೊಡಗಿದಾಗ ಈ ಮೀನು ಆಳ ಬಿಟ್ಟು, ದಡದಂಚಿನ ಹರಳುಕಲ್ಲಿನ ತೆಳುನೀರಿಗೆ ಮೊಟ್ಟೆಯಿಡಲು ಏರಿ ಬರುತ್ತದೆ. ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ಸವರಿದಳು. ಸಾಸಿವೆಯಂಥ ಮೊಟ್ಟೆಗಳು ತಾವಾಗಿಯೇ ಜಾರಿ ಅಂಗೈಗೆ ಅಂಟಿಕೊಂಡವು. ಹಾಗೆ ಜಾರಿತೆಂದರೆ ಹೊಳೆಗೆ ಹೆರಿಗೆ ಬಂತೆಂದೇ ಲೆಕ್ಕ. ಮೊಟ್ಟೆ ಒಡೆದು ಮರಿ ಈಜುವವರೆಗೆ ಹರಳಿನ ಮೇಲೆ ಬಲೆ ಬೀಳಕೂಡದು, ಯಾರ ಕಾಲೂ ಇಳಿಯಕೂಡದು. ಒಲೆ ಹೊತ್ತದ ವರ್ಷಗಳಲ್ಲೂ ಕೇರಿಯವರು ಇದನ್ನು ಮುರಿದವರಲ್ಲ.

ಅತ್ತೆ ಅದನ್ನೇ ಧಣಿಗೆ ಬಿಡಿಸಿ ಹೇಳಿದಳು. ಸ್ವಲ್ಪ ದಿನ ತಡೆದರೆ ಕೆಳಗಿನ ಮಡುವಿನಲ್ಲಿ ಬೇರೆ ಮೀನು ಹಿಡಿದುಕೊಡುತ್ತೇವೆ ಎಂದು ಕೈಮುಗಿದಳು. ಪೇಟೆಯವರಿಗೆ ಮೊಟ್ಟೆ ತುಂಬಿದ್ದೇ ರುಚಿ, ಬರಿಹೊಟ್ಟೆಯದು ನಿಮಗಿರಲಿ ಎಂದು ಧಣಿ ನಕ್ಕ. ಅವನು ತಂದಿದ್ದ ಹೊಸ ಬಲೆಯ ಕಣ್ಣು ಸೊಳ್ಳೆಪರದೆಯಷ್ಟು ಸಣ್ಣದು. ಅದನ್ನು ಹರಳಿಗೆ ಅಡ್ಡ ಕಟ್ಟಿ, ಎಲ್ಲರೂ ಸಾಲಾಗಿ ಇಳಿದು ನೀರು ಬಡಿಯಬೇಕು. ಒಲ್ಲದವರು ಅವನ ದೋಣಿಯನ್ನೂ ಅವನ ದಡದ ಗುಡಿಸಲನ್ನೂ ಇವತ್ತೇ ಬಿಟ್ಟು ಹೊರಡಬೇಕು.

"ಇದ್ರಲ್ಲಿ ಸೊಳ್ಳೆನೂ ಪಾರಾಗಲ್ಲ," ಎಂದಳು ಸೊಸೆ. "ನೀವೇ ಕಟ್ಕೊಂಡು ಮಲಗಿ ಧಣಿ."

ಯಾರೋ ಕಿಸಕ್ಕೆಂದರು. ಧಣಿಯ ಮುಖ ಕಪ್ಪಿಟ್ಟಿತು.

"ಬಾಯಿ ಮುಚ್ಚೇ ಬೋಳಿಮುಂಡೆ. ಹೊಳೆ ನಿಮ್ಮಪ್ಪಂದಾ?"

"ನಮ್ಮಪ್ಪಂದಲ್ಲ. ನಿಮ್ಮಪ್ಪ ತೋಡಿದ್ದೂ ಅಲ್ಲ."

ಅತ್ತೆ ಸೊಸೆಯನ್ನು ಗದರಿ ಪಕ್ಕಕ್ಕೆ ಸರಿಸಿದಳು. ಬಲೆಯನ್ನು ಹೆಗಲಿಗೇರಿಸಿಕೊಂಡು ದೋಣಿ ಹತ್ತಿದಳು. ಈಗ ದಾರಿಗೆ ಬಂತು ನೋಡಿ ಎಂದ ಧಣಿ. ದೋಣಿ ಹರಳಿನತ್ತ ತಿರುಗಲಿಲ್ಲ. ಮಡುವಿನ ನಟ್ಟನಡುವೆ ನಿಲ್ಲಿಸಿ, ಸೀಸದ ಗುಂಡುಗಳ ಸಮೇತ ಬಲೆಯನ್ನು ಸೆಳವಿಗೆ ಬಿಟ್ಟಳು. ಅದು ಒಂದಿಷ್ಟು ಗುಳ್ಳೆಯೆಬ್ಬಿಸಿ ಮುಳುಗಿತು. ದಡಕ್ಕೆ ಬಂದವಳೇ ಹುಟ್ಟನ್ನು ಧಣಿಯ ಕಾಲಬುಡಕ್ಕೆ ಎಸೆದಳು.

"ತಗೋ. ದೋಣಿನೂ ನಿಂದೇ, ಗುಡಿಸ್ಲೂ ನಿಂದೇ. ಬಸುರಿ ಹೊಟ್ಟೆ ಬಗೆಯೋಕೆ ಬೇರೆ ಕೈ ಹುಡುಕ್ಕೋ."

ಅಷ್ಟು ವರ್ಷ ಅವಳು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ.

ಅವಳ ಹುಟ್ಟಿನ ಮೇಲೆ ಇನ್ನೊಂದು ಬಿತ್ತು. ಮತ್ತೊಂದು. ಕೇರಿಯವರು ಒಬ್ಬೊಬ್ಬರಾಗಿ ಹೋಗಿ ಹರಳಿನ ಉದ್ದಕ್ಕೂ, ನೀರಿಗೆ ಬೆನ್ನು ಮಾಡಿ, ದಡ ತುಂಬ ಕುಳಿತರು. ಧಣಿ ಆಳುಗಳನ್ನು ಕೂಗಿ ಗುಡಿಸಲುಗಳತ್ತ ಅಟ್ಟಿದ.

ಬೆನ್ನ ಹಿಂದೆ ತೆಳುನೀರು ಮೀನಿನಿಂದ ಕುದಿಯುತ್ತಿತ್ತು. ಮೇಲಿನ ಗುಡಿಸಲುಗಳಿಂದ ಪಾತ್ರೆಗಳು ಅಂಗಳಕ್ಕೆ ಬೀಳುವ ಸದ್ದು ಕೇಳಿಬಂತು. ಯಾರೂ ಏಳಲಿಲ್ಲ.